ಪೀಟಿ ಮೇಷ್ಟ್ರ ಮೈಯ ಲೆಕ್ಕ

ಇಂಜಿನಿಯರಿಂಗ್ ಕಾಲೇಜಿನ ಮೂರನೇ ಮಹಡಿಗೆ ಏದುಸಿರು ಬಿಡುತ್ತಾ ಹತ್ತಿ ನಿಂತರೆ ಎದುರಿಗೇ ಸಿಗುತ್ತಿದ್ದುದು ಆಕೆಯ ಕೋಣೆ. ಬಾಗಿಲು ಯಾವಾಗಲೂ ಅರ್ಧ ತೆರೆದಿರುತ್ತಿತ್ತು. ಪೂರ್ತಿ ತೆರೆದರೆ ಹಿಂದಿನ ಪುಸ್ತಕದ ಕಪಾಟಿಗೆ ಬಡಿಯುತ್ತಿತ್ತು, ಪೂರ್ತಿ ಮುಚ್ಚಿದರೆ ಮತ್ತೆ ತೆರೆಯಲು ಭುಜ ಕೊಟ್ಟು ನೂಕಬೇಕಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಆಕೆಯನ್ನು 'ಚೌಕದ ಮೇಡಂ' ಎನ್ನುತ್ತಿದ್ದರು. ಯಾವ ಪಾಠವೇ ಇರಲಿ, ಬೋರ್ಡಿನ ಮುಂದೆ ನಿಂತ ಕೂಡಲೇ ಆಕೆ ಗೀಚುತ್ತಿದ್ದುದು ಚೌಕಗಳನ್ನು. ಅಡ್ಡ ಗೆರೆ, ಉದ್ದ ಗೆರೆ, ಬೋರ್ಡು ತುಂಬುವವರೆಗೆ.

"ಇಡೀ ಆಕಾಶಾನ ಒಂದೇ ಸಲ ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ, ತಲೆ ಕೆಟ್ಟುಹೋಗುತ್ತೆ," ಎಂದು ಆಕೆ ಶುರುಮಾಡುತ್ತಿದ್ದಳು. "ಸಣ್ಣ ಸಣ್ಣ ಡಬ್ಬಿ ಮಾಡಿ. ಒಂದೊಂದು ಡಬ್ಬೀನೂ ಅಕ್ಕಪಕ್ಕದ ಡಬ್ಬಿನ ಮಾತ್ರ ವಿಚಾರಿಸ್ಲಿ. ಏನಮ್ಮಾ, ನಿನ್ನ ಹತ್ರ ವಿದ್ಯುತ್ತು ಎಷ್ಟಿದೆ, ಕಾಂತಶಕ್ತಿ ಎಷ್ಟಿದೆ ಅಂತ. ಅಷ್ಟೇ. ಈ ಡಬ್ಬಿಗಳ ಹರಟೆಯಲ್ಲೇ ಅಲೆ ತಾನಾಗಿ ಮುಂದಕ್ಕೆ ಹೋಗುತ್ತೆ."

ರೇಡಿಯೋ, ಫೋನು, ರಾಡಾರು ಎಲ್ಲವನ್ನೂ ನಡೆಸುವ ಆ ಕಾಣದ ಅಲೆಗಳು ಎಲ್ಲಿ ಹೇಗೆ ಹರಡುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಆಕೆಯ ವಿದ್ಯೆ, ಆಕೆಯ ಅನ್ನ.

ಆ ಹುಚ್ಚು ಹಿಡಿಸಿದವರು ಆಕೆಯ ಗುರುಗಳು. ತಲೆಯಲ್ಲಿ ಔಷಧಕ್ಕೂ ಒಂದು ಕೂದಲಿಲ್ಲದ ಅವರನ್ನು ಇಡೀ ವಿಭಾಗ 'ಬೋಳುಗುಡ್ಡ' ಎಂದೇ ಕರೆಯುತ್ತಿತ್ತು. ಆಗ ತರಗತಿಯಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಮನೆಯಲ್ಲಿ ಚಿಕ್ಕಪ್ಪ ಮೂಗು ಮುರಿದಿದ್ದ. "ಹುಡುಗೀಗೆ ಕರೆಂಟಿನ ಓದು ಯಾಕಣ್ಣಾ?" ಎಂದಿದ್ದಕ್ಕೆ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಶಾಕ್ ಹೊಡೆದ್ರೆ ನಾನು ನೋಡ್ಕೋತೀನಿ ಬಿಡು," ಎಂದಿದ್ದರು. ಕಂಪ್ಯೂಟರು ಎಂದರೆ ಆಗ ಇಡೀ ಕಾಲೇಜಿಗೆ ಒಂದು. ತಣ್ಣನೆಯ ಕೋಣೆಯ ಕಿಟಕಿಯಲ್ಲಿ ಬರೆದ ಪ್ರೋಗ್ರಾಮು ಕೊಟ್ಟು ಬಂದರೆ ಮಾರನೆಯ ದಿನ ಉತ್ತರ. ಒಂದು ಅಲ್ಪವಿರಾಮ ತಪ್ಪಿದ್ದರೂ ಬರುತ್ತಿದ್ದುದು ಒಂದೇ ಸಾಲು, 'ತಪ್ಪಿದೆ' ಎಂದು. ಎಲ್ಲಿ ಎಂದು ಹೇಳುವಷ್ಟು ಸೌಜನ್ಯ ಆ ಯಂತ್ರಕ್ಕಿರಲಿಲ್ಲ. ಹುಡುಗಿ ಹಟ ಬಿಡಲಿಲ್ಲ. ಡಾಕ್ಟರೇಟ್ ಮುಗಿಸಿ ಅದೇ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಸೇರಿದಳು. ನಿಜವಾದ ಆಂಟೆನಾಗಳನ್ನು ಕೈಯಾರೆ ಮಾಡಿ ಅಳೆಯುತ್ತಿದ್ದ ಸಹೋದ್ಯೋಗಿಗಳು, "ಬಂದ್ರಪ್ಪಾ, ಕಾಗದದ ಮೇಲೆ ಅಡುಗೆ ಮಾಡೋರು," ಎಂದು ನಗುತ್ತಿದ್ದರು.

ಹಾಗೆ ನಗುವವರ ಬಾಯಿ ಮುಚ್ಚಿಸಬೇಕೆಂದು ಆಕೆ ಒಂದು ಮಧ್ಯಾಹ್ನ ತಾನೇ ಒಂದು ಆಂಟೆನಾವನ್ನು ಮೈದಾನಕ್ಕೆ ಹೊತ್ತೊಯ್ದು, ಮುಕ್ಕಾಲಿಯ ಮೇಲೆ ನಿಲ್ಲಿಸಿ ಅಳೆಯತೊಡಗಿದಳು. ಪಕ್ಕದ ಶಾಲೆಯ ಮಕ್ಕಳು ಅದೇ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಚೆಂಡು ಹಾರಿ ಬಂದು ಮುಕ್ಕಾಲಿಗೆ ಬಡಿಯಿತು. ಕುತ್ತಿಗೆಗೆ ಶಿಳ್ಳೆ ನೇತುಹಾಕಿಕೊಂಡಿದ್ದ, ಬಾಗಿಲಿನಷ್ಟು ಅಗಲದ ಪೀಟಿ ಮೇಷ್ಟ್ರೊಬ್ಬರು ಓಡಿಬಂದರು.

"ಕ್ಷಮಿಸಿ ಮೇಡಂ. ಮುರೀತಾ?"

"ಮುರೀಲಿಲ್ಲ. ಬಗ್ಗಿದೆ."

"ಇದರಲ್ಲಿ ಏನು ಅಳೀತೀರಿ?"

"ಅಲೆ."

"ಕಣ್ಣಿಗೆ ಕಾಣುತ್ತಾ?"

"ಇಲ್ಲ."

"ಕೈಗೆ ಸಿಗುತ್ತಾ?"

"ಇಲ್ಲ."

"ಕಿವಿಗಾದ್ರೂ ಕೇಳ್ಸುತ್ತಾ?"

"ಇಲ್ಲ ಅಂದ್ನಲ್ಲ."

ಮೇಷ್ಟ್ರು ಸ್ವಲ್ಪ ಹೊತ್ತು ಆಂಟೆನಾದ ಬಗ್ಗಿದ ಕಡ್ಡಿಯನ್ನೇ ನೋಡಿ, "ಒಳ್ಳೆ ಕೆಲಸ ಬಿಡಿ. ತಪ್ಪು ಮಾಡಿದ್ರೂ ಯಾರಿಗೂ ಗೊತ್ತಾಗಲ್ಲ," ಎಂದರು. ಆಕೆಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಮುಂದಿನ ವರ್ಷ ಇಬ್ಬರೂ ಮದುವೆಯಾದರು.

ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಒಂದು ಮೂಲೆಯಲ್ಲಿ ಗಾಳಿ ಇಳಿದ ಚೆಂಡುಗಳ ಬಲೆಚೀಲ, ಇನ್ನೊಂದು ಮೂಲೆಯಲ್ಲಿ ಕಂಪ್ಯೂಟರು ಉಗುಳಿದ ಅಗಲ ಕಾಗದಗಳ ಕಟ್ಟು. ಮಗಳು ಹುಟ್ಟಿದ ಮೇಲೆ ಕಾಗದದ ಹಿಂಬದಿಯೆಲ್ಲ ಅವಳ ಚಿತ್ರಗಳಿಗೆ ಹೋಯಿತು. ಮೇಷ್ಟ್ರು ಹೆಂಡತಿಯನ್ನು 'ಪ್ರೊಫೆಸರಮ್ಮ' ಎಂದು ಕರೆಯುತ್ತಿದ್ದರು, ಆಕೆ ಪ್ರೊಫೆಸರ್ ಆಗುವುದಕ್ಕೆ ಎಷ್ಟೋ ಮುಂಚೆ. ಮಗಳು ದೊಡ್ಡವಳಾಗಿ ಪಶುವೈದ್ಯಕೀಯಕ್ಕೆ ಸೇರಿದಾಗಲಂತೂ ಬಂದವರಿಗೆಲ್ಲ ಹೇಳಿಕೊಂಡು ನಕ್ಕರು. "ಮನೇಲಿ ಒಬ್ಬಳು ಅಲೆ ಡಾಕ್ಟ್ರು, ಒಬ್ಬಳು ದನದ ಡಾಕ್ಟ್ರು. ಮನುಷ್ಯರಿಗೆ ಅಂತ ಯಾರೂ ಇಲ್ಲ."

ಆ ನಡುವಿನ ವರ್ಷಗಳಲ್ಲಿ ಆಕೆಗೊಂದು ದೊಡ್ಡ ಪೆಟ್ಟು ಬಿತ್ತು. ಕಂಪ್ಯೂಟರಿನೊಳಗಿನ ಆಕಾಶಕ್ಕೆ ಎಲ್ಲೋ ಒಂದು ಕಡೆ ಕೊನೆ ಇರಲೇಬೇಕು. ಹೊರಗಿನ ಲೋಕದಲ್ಲಿ ಅಲೆ ಹೋದದ್ದು ಹೋದದ್ದೇ. ಕಂಪ್ಯೂಟರಿನ ಅಲೆ ಮಾತ್ರ ಆ ಕೊನೆಯ ಚೌಕಗಳಿಗೆ ಬಡಿದು ವಾಪಸು ಬಂದು, ಲೆಕ್ಕವನ್ನೆಲ್ಲ ಕದಡಿಬಿಡುತ್ತದೆ. ಬಂದ ಅಲೆಯನ್ನು ಸದ್ದಿಲ್ಲದೆ ನುಂಗಿಕೊಳ್ಳುವ ಗಡಿಯೊಂದನ್ನು ಕಟ್ಟಬೇಕೆಂದು ಆಕೆ ವರ್ಷಗಟ್ಟಲೆ ಒದ್ದಾಡಿದಳು. ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ, ಗ್ರಂಥಾಲಯಕ್ಕೆ ಬಂದ ಹೊಸ ಪತ್ರಿಕೆಯೊಂದರಲ್ಲಿ ದೂರದ ದೇಶದ ಒಬ್ಬನ ಪ್ರಬಂಧ ಕಣ್ಣಿಗೆ ಬಿತ್ತು. ಆತ ಅದೇ ಗಡಿಯನ್ನು ಕಟ್ಟಿದ್ದ. ಕಪಾಟಿಗೆ ಒರಗಿ ನಿಂತೇ ಓದಿದಳು. ತನ್ನದಕ್ಕಿಂತ ಸರಳವಾಗಿತ್ತು, ಚೆಂದವಾಗಿತ್ತು. ಬೈಯಲೂ ಒಂದು ಕುಂದು ಸಿಗಲಿಲ್ಲ.

ಮನೆಗೆ ಬಂದಾಗ ಮೇಷ್ಟ್ರು ಪಂಪು ಹಿಡಿದು ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು. ಹೆಂಡತಿಯ ಮುಖ ನೋಡಿ ಕೈ ನಿಲ್ಲಿಸಿದರು.

"ಏನಾಯ್ತೇ?"

"ಸೋತೆ ಕಣ್ರೀ."

"ಎಷ್ಟು ಗೋಲಿಂದ?"

ಆಕೆ ನಗುತ್ತಲೇ ಅತ್ತುಬಿಟ್ಟಳು. ಅಳು ಮುಗಿಯುವವರೆಗೂ ಅವರು ಕಾದರು. ಆಮೇಲೆ, "ಅವನದು ನಿನ್ನದಕ್ಕಿಂತ ಚೆನ್ನಾಗಿದೆಯಾ? ನಿಜ ಹೇಳು," ಎಂದರು.

"ಚೆನ್ನಾಗಿದೆ."

"ಹಾಗಾದ್ರೆ ಅದನ್ನೇ ಇಟ್ಕೊಂಡು ಮುಂದಕ್ಕೆ ಆಡು. ಮೈದಾನ ಕಟ್ಟಿದೋನೇ ಗೋಲು ಹೊಡೀಬೇಕು ಅಂತ ಎಲ್ಲಿದೆ?"

ಹಾಗೆ ಆಕೆ ಗಡಿಯನ್ನು ಬಿಟ್ಟು ಒಳಗಿನದಕ್ಕೆ ಬಂದಳು. ಅಲೆ ಮನುಷ್ಯನ ಮೈಯೊಳಗೆ ಹೊಕ್ಕರೆ ಏನಾಗುತ್ತದೆ? ಕೊಬ್ಬಿನಲ್ಲಿ ಒಂದು ರೀತಿ, ಮಾಂಸದಲ್ಲಿ ಒಂದು ರೀತಿ, ಮೂಳೆಯಲ್ಲಿ ಇನ್ನೊಂದು ರೀತಿ. ಮೈಯನ್ನೂ ಅಕ್ಕಿಕಾಳಿನಷ್ಟು ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಅದರದರ ಗುಣದ ಅಂಕಿ ಕೊಟ್ಟು ಲೆಕ್ಕ ಹಾಕಬೇಕು. ಊರಿನ ದೊಡ್ಡ ಆಸ್ಪತ್ರೆಯವರು ಅದೇ ಹೊತ್ತಿಗೆ ಒಂದು ಹೊಸ ಚಿಕಿತ್ಸೆ ತಂದಿದ್ದರು. ಕ್ಯಾನ್ಸರ್ ಗೆಡ್ಡೆಯನ್ನು ಅಲೆಗಳಿಂದ ಹದವಾಗಿ ಕಾಯಿಸಿದರೆ ಜೊತೆಗೆ ಕೊಡುವ ರೇಡಿಯೇಷನ್ ಹೆಚ್ಚು ನಾಟುತ್ತದೆ. ರೋಗಿಯ ಸುತ್ತ ಬಳೆಯಂತೆ ಆಂಟೆನಾಗಳು. ಅವುಗಳ ಅಲೆಗಳೆಲ್ಲ ಗೆಡ್ಡೆಯ ಜಾಗದಲ್ಲಿ ಕೈ ಕೈ ಹಿಡಿಯಬೇಕು, ಉಳಿದ ಕಡೆ ಒಂದರ ಕಾಲನ್ನೊಂದು ಎಳೆದು ಬೀಳಿಸಬೇಕು. ಯಾವ ಆಂಟೆನಾ ಯಾವಾಗ ಎಷ್ಟು ಎಂದು ಹೇಳಿಕೊಡುವ ಪ್ರೋಗ್ರಾಮನ್ನು ಬರೆದವಳು ಆಕೆ. ಆಸ್ಪತ್ರೆಯಲ್ಲಿ ಅದನ್ನು ನಡೆಸಲು ಸೇರಿಕೊಂಡವನು ಆಕೆಯದೇ ವಿದ್ಯಾರ್ಥಿ. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವ ಆ ಹುಡುಗನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಹೆಸರು ಮಾಡಿದ ಕೆಲಸವೇನಲ್ಲ. ಆದರೆ ವಾರಕ್ಕೊಮ್ಮೆ ಉದ್ದಣ್ಣ ಫೋನು ಮಾಡಿ, "ಮೇಡಂ, ಮೊನ್ನೆಯ ಅಜ್ಜಿಗೆ ಗೆಡ್ಡೆ ಕರಗಿದೆ," ಎಂದಾಗ, ಆ ದಿನದ ಪಾಠದಲ್ಲಿ ಆಕೆಯ ಚೌಕಗಳು ಸ್ವಲ್ಪ ಹೆಚ್ಚು ನೆಟ್ಟಗಿರುತ್ತಿದ್ದವು.

ಮೇಷ್ಟ್ರ ಎಡ ತೊಡೆಯ ಬುಡದಲ್ಲಿ ಊತ ಕಂಡಿದ್ದು ಮಗಳ ಓದಿನ ಕೊನೆಯ ವರ್ಷ. ಅವರು ಅದನ್ನು ಚೆಂಡಿನ ಪೆಟ್ಟು ಎಂದು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರು. ರಜೆಗೆ ಬಂದ ಮಗಳು ಅಪ್ಪ ಕುರ್ಚಿಯಿಂದ ಏಳುವ ರೀತಿ ನೋಡಿಯೇ, "ಅಪ್ಪಾ, ಹಸುವಾಗಿದ್ರೆ ಇಷ್ಟೊತ್ತಿಗೆ ಕಟ್ಟಿಹಾಕಿ ನೋಡಿರ್ತಿದ್ದೆ. ನಡೀರಿ," ಎಂದು ಎಳೆದುಕೊಂಡು ಹೋದಳು. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾಂಸದೊಳಗೆ ಬೆಳೆಯುವ ಕೆಟ್ಟ ಜಾತಿಯ ಗೆಡ್ಡೆ. ಮೊದಲು ಕಾಯಿಸಿ, ರೇಡಿಯೇಷನ್ ಕೊಟ್ಟು ಕುಗ್ಗಿಸಬೇಕು, ಆಮೇಲೆ ಕತ್ತರಿಸಿ ತೆಗೆಯಬೇಕು.

"ಅಂದ್ರೆ ನಮ್ಮ ಪ್ರೊಫೆಸರಮ್ಮನ ಯಂತ್ರಕ್ಕೇ ಹೋಗೋದು ಅನ್ನಿ," ಎಂದರು ಮೇಷ್ಟ್ರು. "ಅಂತೂ ಇವಳು ಇಷ್ಟು ವರ್ಷ ಏನು ಮಾಡ್ತಿದ್ಲು ಅಂತ ನೋಡೋ ಭಾಗ್ಯ ಬಂತು."

ಯಾರೂ ನಗಲಿಲ್ಲ.

ಉದ್ದಣ್ಣ ಕಾಲೇಜಿಗೇ ಬಂದು ಕೈಮುಗಿದು ಹೇಳಿದ. "ಮೇಡಂ, ಸಾರ್ ಲೆಕ್ಕ ನಾನು ಮಾಡ್ತೀನಿ. ನೀವು ಮಾಡೋದು ಬೇಡ."

"ನಿನ್ನ ಕೈ ತುಂಬ ಕೆಲಸ ಇದೆ. ಸ್ಕ್ಯಾನಿಗೆ ಬಣ್ಣ ತುಂಬಕ್ಕೇ ಒಂದು ವಾರ ಬೇಕು."

"ಬೇಕಾದ್ರೆ ರಜಾ ಹಾಕ್ತೀನಿ. ಮನೆಯವರ ಮೈನ ಹಾಗೆ ನೋಡಬಾರದು ಮೇಡಂ."

"ನನಗಿಂತ ಚೆನ್ನಾಗಿ ಆ ಮೈ ಯಾರಿಗೆ ಗೊತ್ತು?" ಎಂದು ಆಕೆ ಅವನ ಕೈಯಿಂದ ಸ್ಕ್ಯಾನಿನ ಡಿಸ್ಕನ್ನು ತೆಗೆದುಕೊಂಡಳು. ಕಂಪ್ಯೂಟರಿನಲ್ಲಿ ಆ ಮೈಯ ಮಾದರಿ ಕಟ್ಟುವುದು ಆಕೆ, ಅದನ್ನು ತಿರುಗಿ ನೋಡಿ ಒಪ್ಪುವುದು ಉದ್ದಣ್ಣ ಎಂದು ತೀರ್ಮಾನವಾಯಿತು.

ಸ್ಕ್ಯಾನು ಎಂದರೆ ಮೈಯನ್ನು ಬ್ರೆಡ್ಡಿನ ಹಾಗೆ ತೆಳ್ಳಗೆ ಹೆಚ್ಚಿದ ನೂರಾರು ಚಿತ್ರಗಳು. ಒಂದೊಂದರಲ್ಲೂ ಕೊಬ್ಬಿಗೆ ಹಳದಿ, ಮಾಂಸಕ್ಕೆ ಕೆಂಪು, ಮೂಳೆಗೆ ಬಿಳಿ ತುಂಬುತ್ತಾ ಹೋಗಬೇಕು. ಎಷ್ಟೋ ಅಪರಿಚಿತರಿಗೆ ಆಕೆ ಹಾಗೆ ಬಣ್ಣ ತುಂಬಿದ್ದಳು. ಈ ಸಲ ಕೈ ನಿಧಾನವಾಯಿತು. ಎಡ ಸೊಂಟದ ಪಕ್ಕದಲ್ಲಿ ಹಳೆಯ ಗಾಯವೊಂದರ ಗುರುತು ಒಳಗಿನವರೆಗೂ ಎಳೆಎಳೆಯಾಗಿ ಇಳಿದಿತ್ತು. ಮದುವೆಗೆ ಮುಂಚೆ ಯಾವುದೋ ಪಂದ್ಯದಲ್ಲಿ ಬಿದ್ದದ್ದು. ಮೇಲಿನ ಕಲೆ ಆಕೆಗೆ ಗೊತ್ತಿತ್ತು. ಇಷ್ಟು ಆಳಕ್ಕೆ ಇಳಿದಿದೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಗಾಯ ಮಾಗಿದ ಜಾಗಕ್ಕೆಂದು ಪ್ರೋಗ್ರಾಮಿನಲ್ಲಿ ಬೇರೆ ಅಂಕಿ ಇರಲಿಲ್ಲ. ಅಂಥದನ್ನು ಎಲ್ಲರೂ ಕೊಬ್ಬೆಂದೇ ತುಂಬುತ್ತಿದ್ದರು. ಆಕೆಯೂ ಹಳದಿ ತುಂಬಿದಳು. ಉದ್ದಣ್ಣ ನೋಡಿ ಸರಿ ಎಂದ.

ಚಿಕಿತ್ಸೆಯ ದಿನ ಮೇಷ್ಟ್ರನ್ನು ಆಂಟೆನಾಗಳ ಬಳೆಯೊಳಗೆ ಮಲಗಿಸಿ, ತೊಡೆ ಸೊಂಟಗಳ ಸುತ್ತ ಚರ್ಮ ತಂಪಾಗಿಡುವ ನೀರಿನ ಚೀಲ ಬಿಗಿದರು. ಗಾಜಿನ ಈಚೆಗೆ ಆಕೆ ನಿಂತಿದ್ದಳು. "ಎಲ್ಲಾದ್ರೂ ಒಂದೇ ಕಡೆ ಚುರುಗುಟ್ಟಿದ್ರೆ ತಕ್ಷಣ ಹೇಳ್ಬೇಕು ಸಾರ್," ಎಂದು ಉದ್ದಣ್ಣ ಎರಡೆರಡು ಸಲ ಹೇಳಿದ. ಮೇಷ್ಟ್ರು ಹೆಬ್ಬೆರಳೆತ್ತಿ ತೋರಿಸಿದರು. ಗೆಡ್ಡೆಯೊಳಗಿನ ಬಿಸಿ ಆಕೆಯ ಲೆಕ್ಕ ಹೇಳಿದಂತೆಯೇ ಮೆಲ್ಲಗೆ ಏರಿ, ಬೇಕಾದಲ್ಲಿ ನಿಂತಿತು. ಪರದೆಯ ಮೇಲಿನ ಆ ಗೆರೆಯನ್ನು ನೋಡಿ ಆಕೆಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಒಳಗೆ ಮಲಗಿದ್ದವರ ಹಣೆ ಬೆವರುತ್ತಿತ್ತು. ಕಣ್ಣು ಮುಚ್ಚಿದ್ದರು. ನಿದ್ದೆ ಇರಬೇಕು ಎಂದುಕೊಂಡಳು.

ನೀರಿನ ಚೀಲ ಬಿಚ್ಚಿದ ನರ್ಸ್ ಅಲ್ಲಿಂದಲೇ, "ಡಾಕ್ಟ್ರೇ, ಸ್ವಲ್ಪ ಬನ್ನಿ," ಎಂದಳು. ಎಡ ಸೊಂಟದ ಹಳೆಯ ಗಾಯದ ಮೇಲೆ ಅಂಗೈಯಗಲ ಚರ್ಮ ಕೆಂಪಾಗಿ ಬೊಬ್ಬೆಯೆದ್ದಿತ್ತು. ಒಳಗೂ ಬೆಂದಿತ್ತು.

ಆಕೆ ಒಳಗೆ ಓಡಿಬಂದಳು. "ಹೇಳ್ಬೇಕು ಅಂತ ಹೇಳಿರಲಿಲ್ವಾ ಅವನು? ನೋವಾಗ್ಲಿಲ್ವಾ ನಿಮಗೆ?"

"ಆಯ್ತು."

"ಆದ್ರೆ ಮತ್ಯಾಕೆ ಬಾಯಿ ಮುಚ್ಕೊಂಡಿದ್ರಿ?"

ಮೇಷ್ಟ್ರು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಶಾಲೆಯ ಹುಡುಗ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದರು: "ಹೇಳಿದ್ರೆ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ನಿನ್ನ ಲೆಕ್ಕ ಕೆಡುತ್ತೆ. ಅಷ್ಟು ದಿನ ಕೂತು ಮಾಡಿದ್ದೀಯ... ನಿನ್ನ ಲೆಕ್ಕ ತಪ್ಪಿರಲ್ಲ, ನಾನೇ ಸ್ವಲ್ಪ ತಡ್ಕೋಬೇಕು ಅಂತ ಅಂದ್ಕೊಂಡೆ."

ಆಕೆ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತಳು. ಉದ್ದಣ್ಣ ಬಂದು ಪಕ್ಕದಲ್ಲಿ ಕುಳಿತು, "ನಾನೂ ನೋಡಿದ್ದೆ ಮೇಡಂ, ನಾನೂ ಸರಿ ಅಂದಿದ್ದೆ," ಎನ್ನುತ್ತಲೇ ಇದ್ದ. ಆಕೆಯ ಕಿವಿಗೆ ಅದು ಬೀಳುತ್ತಿರಲಿಲ್ಲ. ಜೀವಮಾನವಿಡೀ ತನ್ನ ಲೆಕ್ಕವನ್ನು ಅನುಮಾನದಿಂದಲೇ ನೋಡಿದ್ದಳು. ಪರೀಕ್ಷಕರು ಅನುಮಾನಿಸಿದ್ದರು, ಸಹೋದ್ಯೋಗಿಗಳು ಅನುಮಾನಿಸಿದ್ದರು. ಕಣ್ಣು ಮುಚ್ಚಿ ನಂಬಿದವರು ಒಬ್ಬರೇ. ನಂಬಿ ಸುಟ್ಟುಕೊಂಡಿದ್ದರು.

ಮಾರನೆಯ ವಾರ ಆಕೆ ಹಳದಿಯನ್ನು ಅಳಿಸಿ, ಗಾಯಕ್ಕೆ ಅದರದೇ ಬೇರೆ ಅಂಕಿ ಹುಡುಕಿ ಕೊಟ್ಟು ಲೆಕ್ಕ ಮತ್ತೆ ನಡೆಸಿದಳು. ಸೊಂಟದ ಅದೇ ಜಾಗದಲ್ಲಿ ಕೆಂಡದಂತೆ ಬಿಸಿ ತೋರಿಸಿತು. ಆಮೇಲಿನ ಚಿಕಿತ್ಸೆಗಳಲ್ಲಿ ಒಂದು ಬೊಬ್ಬೆಯೂ ಏಳಲಿಲ್ಲ. ಗೆಡ್ಡೆ ಕುಗ್ಗಿತು, ಶಸ್ತ್ರಚಿಕಿತ್ಸೆಯೂ ಆಯಿತು. ಗೆಡ್ಡೆ ಮಾಯವಾದರೂ ಸುಟ್ಟ ಗಾಯ ಮಾತ್ರ ಬೇಗ ಮಾಗಲಿಲ್ಲ. ಪ್ರತಿದಿನ ಬೆಳಿಗ್ಗೆ ಆಕೆಯೇ ಅದಕ್ಕೆ ಪಟ್ಟಿ ಬದಲಿಸುತ್ತಿದ್ದಳು. "ನೋಯ್ತಿದೆಯಾ?" ಎಂದು ಕೇಳುತ್ತಿದ್ದಳು. "ಇಲ್ಲ" ಎಂದರೆ ನಂಬುತ್ತಿರಲಿಲ್ಲ. ಕೊನೆಗೆ ಅವರು ನೋಯದಿದ್ದರೂ "ಸ್ವಲ್ಪ" ಎನ್ನುವುದನ್ನು ರೂಢಿಸಿಕೊಂಡರು.

ಒಂದಷ್ಟು ಒಳ್ಳೆಯ ದಿನಗಳು ಬಂದವು. ಕೋಲೂರಿಕೊಂಡು ಮೈದಾನದ ಅಂಚಿಗೆ ಹೋಗಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅಷ್ಟರಲ್ಲಿ ರೋಗ ಬೇರೆಲ್ಲಾದರೂ ಹೋಗಿದೆಯೇ ಎಂದು ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿದ್ದರು. ಉದ್ದಣ್ಣ ಮುಜುಗರದಿಂದಲೇ ಕೇಳಿದ. ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಮಾದರಿ ದೇಹಗಳೆಲ್ಲ ಬೇರೆಡೆಯಿಂದ ತಂದ ಸಣಕಲು ಮೈಗಳು, ಸಾರ್ ಒಪ್ಪಿದರೆ ಅವರ ಇಡೀ ಮೈಯನ್ನು ಹೆಸರಿಲ್ಲದೆ ಒಂದು ಮಾದರಿ ಮಾಡಬಹುದು, ಮುಂದೆ ದಪ್ಪ ಮೈಯ ರೋಗಿಗಳಿಗೆ ಅನುಕೂಲ.

"ಮಾಡ್ಕೊಳ್ಳಪ್ಪ," ಎಂದರು ಮೇಷ್ಟ್ರು. "ಈ ಮೈ ಇನ್ನು ಓಡಲ್ಲ. ಕಂಪ್ಯೂಟರಲ್ಲಾದ್ರೂ ಪ್ರೊಫೆಸರಮ್ಮನ ಕ್ಲಾಸಲ್ಲಿ ನಿಂತಿರ್ಲಿ. ಪಾಠ ಅಂತೂ ಇಷ್ಟು ವರ್ಷ ತಲೆಗೆ ಹತ್ತಲಿಲ್ಲ."

ರೋಗ ಶ್ವಾಸಕೋಶಕ್ಕೆ ಹೋಗಿತ್ತು. ಎರಡು ಬೀದಿಯಾಚೆಗೆ ಕೇಳುವಂತೆ ಶಿಳ್ಳೆ ಊದುತ್ತಿದ್ದ ಆ ಎದೆಯಲ್ಲಿ ಕೊನೆಕೊನೆಗೆ ಒಂದು ಪೂರ್ತಿ ವಾಕ್ಯಕ್ಕಾಗುವಷ್ಟು ಗಾಳಿ ಉಳಿಯಲಿಲ್ಲ. ಮಗಳು ರಜೆ ಹಾಕಿ ಬಂದು ಕುಳಿತಿದ್ದಳು. ಒಂದು ಮಧ್ಯಾಹ್ನ, ಮಗಳು ಔಷಧಿ ಅಂಗಡಿಗೆ ಹೋಗಿದ್ದಾಗ, ಆಕೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಆವತ್ತು ಸುಟ್ಟಿದ್ದು... ನನ್ನ ಮೇಲೆ ಬೇಜಾರಿದೆಯೇನ್ರಿ?"

ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ನೀನು... ಲೆಕ್ಕ ಹಾಕ್ದೆ. ಸುಮ್ನಿದ್ದಿದ್ದು... ನಾನು." ಮತ್ತೆ ತಡೆದು, "ಅಲ್ಲಿಗಲ್ಲಿಗೆ... ಸರಿಹೋಯ್ತು ಬಿಡು," ಎಂದರು.

ಆ ವಾರ ಮುಗಿಯುವುದರೊಳಗೆ ಮೇಷ್ಟ್ರು ತೀರಿಕೊಂಡರು. ಶಾಲೆಗೆ ರಜೆ ಕೊಟ್ಟಿದ್ದರೂ ಮಕ್ಕಳೆಲ್ಲ ಆಟದ ಬೂಟು ಹಾಕಿಕೊಂಡೇ ಬಂದಿದ್ದರು.

ಕೆಲವು ದಿನಗಳ ಮೇಲೆ ಆಕೆ ಕಾಲೇಜಿಗೆ ಹಿಂದಿರುಗಿ, ಬೋರ್ಡಿನ ಮೇಲೆ ಚೌಕ ಗೀಚಿದಳು. ಪಾಠ ಮುಗಿದ ಮೇಲೆ ಕೋಣೆಗೆ ಹೋಗಿ ಕುಳಿತು, ಸೊಂಟದ ಆ ಗಾಯದ ಬಗ್ಗೆ ಪ್ರಬಂಧ ಬರೆದಳು. ಹಳೆಯ ಗಾಯಗಳನ್ನು ಕೊಬ್ಬೆಂದು ಲೆಕ್ಕ ಹಾಕಿದರೆ ಏನಾಗುತ್ತದೆ, ಯಾವ ಅಂಕಿ ಕೊಡಬೇಕು, ಹೇಗೆ ಗುರುತಿಸಬೇಕು. 'ಒಬ್ಬ ರೋಗಿ' ಎಂದಷ್ಟೇ ಬರೆದಳು. ಯಾರಿಗೂ ಹೀಗಾಗಬಾರದು ಎಂಬುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಆದರೆ ಬದುಕಿನಲ್ಲಿ ಮೊದಲ ಸಲ ಆಕೆಯ ಕೆಲಸ ಸುದ್ದಿಯಾಯಿತು. ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ತಮ್ಮ ಪ್ರೋಗ್ರಾಮಿಗೆ ಗಾಯದ ಅಂಕಿ ಸೇರಿಸಿಕೊಂಡವು. ಗಡಿಯ ಕೆಲಸಕ್ಕೆ ಸಿಗದಿದ್ದ ಬಡ್ತಿ ಇದಕ್ಕೆ ಸಿಕ್ಕಿತು. ಆಕೆ ನಿಜಕ್ಕೂ ಪ್ರೊಫೆಸರ್ ಆದಳು. ಹಾಗೆಂದು ಕರೆಯುತ್ತಿದ್ದವರು ಇರಲಿಲ್ಲ. ದೊಡ್ಡ ಸಭೆಯೊಂದಕ್ಕೆ ಕರೆದು ಮಾತಾಡಿಸಿದರು. ಪರದೆಯ ಮೇಲೆ ಆ ಸೊಂಟದ ಚಿತ್ರ ಆಳೆತ್ತರ ಮೂಡಿತ್ತು. ಮಾತು ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಕೆ ವಂದಿಸಿ ಇಳಿದವಳೇ ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುಮ್ಮನೆ ಹರಿಯುವುದನ್ನು ನೋಡುತ್ತಾ ನಿಂತಳು.

ಮೇಷ್ಟ್ರ ಮಾದರಿ ಪ್ರಯೋಗಾಲಯದಲ್ಲಿ ಕೆಲಸಕ್ಕೆ ನಿಂತಿತ್ತು. ಅದಕ್ಕೊಂದು ಸಂಖ್ಯೆ ಕೊಟ್ಟಿದ್ದರು. ಹೊಸದಾಗಿ ಬಂದ ಸಂಶೋಧನಾ ವಿದ್ಯಾರ್ಥಿಗಳು ಅದರ ತೋಳು ತೊಡೆ ನೋಡಿ 'ಪೈಲ್ವಾನ್' ಎಂದು ಹೆಸರಿಟ್ಟರು. ಒಬ್ಬಳು ತನ್ನ ಕೆಲಸ ವಿವರಿಸುತ್ತಾ, "ಕಂಪ್ಯೂಟರಿಗೆ ಭಾರ ಆಗಬಾರ್ದು ಅಂತ ಪೈಲ್ವಾನನ ಎರಡೂ ಕಾಲು ಮಂಡಿ ಮೇಲಿಂದ ಕತ್ತರಿಸಿದ್ದೀನಿ ಮೇಡಂ," ಎಂದಳು. ಉದ್ದಣ್ಣನೂ ಅಂದು ಕೇಳಲು ಬಂದಿದ್ದ. ಅವನು ಎದ್ದೇಬಿಟ್ಟ. ಆಕೆ ಕೈಸನ್ನೆ ಮಾಡಿ ಕೂರಿಸಿದಳು. "ಸರಿಯಾಗಿದೆ," ಎಂದಳು ಹುಡುಗಿಗೆ. "ಎದೆಯ ಲೆಕ್ಕಕ್ಕೆ ಕಾಲು ಬೇಕಾಗಲ್ಲ. ಮುಂದುವರಿಸು."

ಅದನ್ನು ತಡೆದುಕೊಳ್ಳಲಾಗದೆ ಹೋದವಳು ಮಗಳು. ಅಮ್ಮನನ್ನು ಕರೆದೊಯ್ಯಲು ಒಂದು ಸಂಜೆ ಕಾಲೇಜಿಗೆ ಬಂದವಳು, ಮೂರನೇ ಮಹಡಿಯ ಗೋಡೆಯ ಮೇಲೆ ಬಣ್ಣಬಣ್ಣದ ಭಿತ್ತಿಪತ್ರ ನೋಡಿ ನಿಂತುಬಿಟ್ಟಳು. ಉದ್ದಕ್ಕೆ ಸೀಳಿದ ಗಂಡಸಿನ ದೇಹ. ಬಲ ಕೊರಳೆಲುಬು, ಅಪ್ಪನದರಂತೆಯೇ, ಸೊಟ್ಟಗಿತ್ತು. ಅಷ್ಟು ಸಾಕಾಯಿತು.

"ಅಮ್ಮಾ, ಇದು ಅಪ್ಪ ಅಲ್ವಾ?"

"ಹೂಂ."

"ಹೋಗಿಬರೋರೆಲ್ಲ ನೋಡೋ ಹಾಗೆ ಅಪ್ಪನ್ನ ಗೋಡೆಗೆ ಹಚ್ಚಿದ್ದೀಯಲ್ಲ? ನಿನಗೆ ಏನೂ ಅನ್ಸಲ್ವಾ?"

"ಅವರೇ ಒಪ್ಪಿದ್ರು ಮಗಳೇ."

"ಒಪ್ಪಿದ್ರು! ನೀನು ಕೇಳಿದ್ರೆ ಅವರು ಯಾವತ್ತು ಇಲ್ಲ ಅಂದಿದ್ರು? ಸುಟ್ರೂ ಇಲ್ಲ ಅನ್ನಲಿಲ್ಲ."

ಅಂದ ಮೇಲೆ ಮಗಳೂ ಬೆಚ್ಚಿದಳು. ಆದರೆ ಆಡಿದ ಮಾತು ಆಡಿಯಾಗಿತ್ತು. ಆಕೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಭಿತ್ತಿಪತ್ರ ಮಾರನೆಯ ದಿನ ಅಲ್ಲಿರಲಿಲ್ಲ. ಮಾದರಿಯನ್ನು ಮಾತ್ರ ಆಕೆ ಅಳಿಸಲಿಲ್ಲ. ಅದರ ಲೆಕ್ಕದ ಮೇಲೆ ಆಸ್ಪತ್ರೆಯಲ್ಲಿ ಜನ ಮಲಗುತ್ತಿದ್ದರು. ತಾಯಿ ಮಗಳು ತಿಂಗಳುಗಟ್ಟಲೆ ಹವಾಮಾನದ ಬಗ್ಗೆ, ಬಾಡಿಗೆ ಮನೆಯ ಸೋರುವ ನಲ್ಲಿಯ ಬಗ್ಗೆ ಮಾತ್ರ ಮಾತಾಡಿದರು.

ಒಂದು ರಜೆಯ ದಿನ ಮಗಳೇ ಬಂದು, "ತೋರ್ಸು," ಎಂದಳು. ಖಾಲಿ ಪ್ರಯೋಗಾಲಯದಲ್ಲಿ ಇಬ್ಬರೂ ಕುಳಿತರು. ಪರದೆಯ ಮೇಲೆ ಆ ಮೈ ಮೆಲ್ಲಗೆ ತಿರುಗಿತು. ಅಗಲ ಬೆನ್ನು, ಸೊಟ್ಟ ಕೊರಳೆಲುಬು. ಮಗಳು ಒಂದೊಂದನ್ನೂ ಬೆರಳಿಟ್ಟು ಗುರುತಿಸುತ್ತಾ ಹೋದಳು, ದನದ ಮೈ ಸವರಿ ನೋಡುವವಳ ನಿಧಾನದಲ್ಲಿ. ತಿರುಗಿ ಎದುರಿಗೆ ಬಂದಾಗ ಬೆರಳು ನಿಂತಿತು. ಕಣ್ಣು ಮೂಗಿನ ಜಾಗ ಮೊಟ್ಟೆಯಂತೆ ನುಣ್ಣಗಿತ್ತು.

"ಮುಖ ಎಲ್ಲಿ?"

"ತೆಗೆದಿದ್ದೀವಿ. ಯಾರು ಅಂತ ಗೊತ್ತಾಗಬಾರ್ದು ಅಂತ ನಿಯಮ."

"ಯಾರು ತೆಗೆದಿದ್ದು?"

"ನಾನೇ."

ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಆಕೆ ನಿವೃತ್ತಳಾದ ಮೇಲೆ ಮಗಳ ಮನೆಗೆ ಬಂದು ಸೇರಿಕೊಂಡಳು. ಮೂರನೇ ಮಹಡಿಯ ಕೋಣೆಗೆ ಬೇರೆಯವರು ಬಂದರು, ಬಾಗಿಲನ್ನು ರಿಪೇರಿ ಮಾಡಿಸಿದರಂತೆ. ಉದ್ದಣ್ಣನ ತಲೆಯೂ ನರೆತಿತ್ತು. ಒಂದು ಭಾನುವಾರ ಬೆಳಿಗ್ಗೆ ತಾಯಿ ಮಗಳು ತಿಂಡಿ ತಿನ್ನುತ್ತಿದ್ದಾಗ ಅವನ ಫೋನು ಬಂತು. ಕುಶಲ ಕೇಳಿದ. ಆಮೇಲೆ ಸುತ್ತಿಬಳಸಿ ವಿಷಯಕ್ಕೆ ಬಂದ.

"ಮೇಡಂ, ಹೊಸ ಸಾಫ್ಟ್‌ವೇರ್ ಹಾಕಿದ್ದಾರೆ. ಹಳೇ ಮಾದರಿಗಳು ಅದರಲ್ಲಿ ತೆರೆಯಲ್ಲ. ಈಗ ರೋಗಿಗಳ ಸ್ಕ್ಯಾನಿಗೆ ಕಂಪ್ಯೂಟರೇ ಬಣ್ಣ ತುಂಬುತ್ತೆ. ಮಾದರಿ ಬೇಕಾಗೋದೂ ಕಮ್ಮಿ. ಸಾರ್‌ದು ಒಂದನ್ನ ಬೇಕಾದ್ರೆ ಹೊಸ ರೀತಿಗೆ ಬದಲಾಯಿಸಿ ಕೊಡ್ತೀನಿ."

"ಯಾರಿಗಾದ್ರೂ ಬೇಕಾ ಅದು ಈಗ?"

"ಕೆಲಸಕ್ಕೆ ಅಂತ ಯಾರಿಗೂ ಬೇಡ ಮೇಡಂ. ನಿಮಗೆ ಏನಾದ್ರೂ..."

ಆಕೆ ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಲ್ಲಿ ಒತ್ತಟ್ಟಿಗೆ ಕೂಡಿಸಿದಳು. "ಬೇಡ ಕಣಪ್ಪ. ಸಾಕಷ್ಟು ವರ್ಷ ದುಡಿದ್ರು. ಬಿಟ್ಬಿಡು."

ಫೋನಿಟ್ಟ ಮೇಲೆ ಮಗಳು ಕೇಳಿದಳು. "ಏನಂತೆ?"

ಆಕೆ ಹೇಳಬೇಕೆಂದು ಬಾಯಿ ತೆರೆದಳು. ಆಸ್ಪತ್ರೆಯ ಕಾರಿಡಾರಿನಲ್ಲಿ, ಅಂತ್ಯಕ್ರಿಯೆಯಲ್ಲಿ, ಆ ಸಭೆಯ ಬಚ್ಚಲಿನಲ್ಲಿ ಎಲ್ಲಿಯೂ ಬಾರದಿದ್ದ ಅಳು ಈಗ, ಬಿಸಿಲು ತುಂಬಿದ ಅಡುಗೆಮನೆಯಲ್ಲಿ, ತಡೆಯಿಲ್ಲದೆ ಬಂತು. ಮಗಳು ತಟ್ಟೆ ಸರಿಸಿ ಎದ್ದು ಬಂದು, ಏನು ಎತ್ತ ಎಂದು ಕೇಳದೆ, ಅಮ್ಮನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು.